ಬಲಗಡೆಯ ಸೀಟು

ಕಾರಿನೊಳಗೆ ಕೂತ ಕೂಡಲೇ ಉಮಾದೇವಿಗೆ ಬಡಿದದ್ದು ವಾಸನೆ. ಹಳೆಯ ಚರ್ಮದ್ದು, ಆ ಚರ್ಮಕ್ಕೆ ಗಂಡ ಬೆಳಿಗ್ಗೆ ಎದ್ದು ತಿಕ್ಕಿದ ಎಣ್ಣೆಯದು, ಅವನ ತಲೆಯ ಕೊಬ್ಬರಿ ಎಣ್ಣೆಯದು. ಇವೆಲ್ಲದರ ಅಡಿಯಲ್ಲಿ, ಯಾವುದೋ ದೇಶದಲ್ಲಿ ಯಾರೋ ಎಂದೋ ಸೇದಿ ಬಿಟ್ಟ ಸಿಗರೇಟಿನದು. ಗಾಜು ಇಳಿಸಲು ಕೈ ಚಾಚಿದಳು. ‘ಇಳಸಬ್ಯಾಡ, ಬೂದಿ ಬರತೈತಿ,’ ಎಂದ ಪಂಪಾಪತಿ. ಸಿಂಧನೂರಿನ ಅಕ್ಕಿಗಿರಣಿಗಳ ಕರಿಬೂದಿ ಊರಿನವರ ಅಂಗಳ, ಅನ್ನ, ಕಣ್ಣಿನ ರೆಪ್ಪೆ ಎಲ್ಲದರ ಮೇಲೂ ಬೀಳುತ್ತಿತ್ತು. ಅದರಲ್ಲಿ ಕಾಲುಪಾಲು ಅವನ ಗಿರಣಿಯದೇ. ಅದು ಈ ಕಾರಿನೊಳಗೆ ಮಾತ್ರ ಬೀಳಬಾರದು. ಕಾರು ಬಂದ ದಿನ ಅವನು ಅಲಮಾರಿ ತೆಗೆದು ಅವಳ ಹಳೆಯ ಇಳಕಲ್ ಸೀರೆಯೊಂದನ್ನು ಹೊರಗೆಳೆದು, ಹಲ್ಲಿನಿಂದ ಅಂಚು ಕಚ್ಚಿ, ಕಾರು ಒರೆಸಲು ನಾಲ್ಕು ತುಂಡು ಮಾಡಿದ್ದ. ‘ಇಂಥಾ ಮೆತ್ತನ ಅರಿವಿ ಅಂಗಡ್ಯಾಗ ಸಿಗಂಗಿಲ್ಲ’ ಎಂದಿದ್ದ. ಆಗ ಅವಳು ಏನೂ ಅಂದಿರಲಿಲ್ಲ. ಅವನು ಅದನ್ನು ಒಪ್ಪಿಗೆ ಅಂದುಕೊಂಡ. ಅವಳು ಸುಮ್ಮನಿದ್ದಾಗಲೆಲ್ಲ ಎಲ್ಲರೂ ಅಂದುಕೊಳ್ಳುವುದು ಅದನ್ನೇ.

ಅವಳು ಕೂತದ್ದು ಬಲಗಡೆ. ನಮ್ಮ ಕಡೆ ಡ್ರೈವರ್ ಕೂರುವ ಜಾಗ. ಆದರೆ ಅವಳ ಮುಂದೆ ಸ್ಟಿಯರಿಂಗ್ ಇರಲಿಲ್ಲ. ಅದು ಎಡಗಡೆ ಗಂಡನ ಕೈಯಲ್ಲಿತ್ತು. ಗಲ್ಫಿನಿಂದ ಹೈದರಾಬಾದಿಗೆ, ಅಲ್ಲಿಂದ ಸಿಂಧನೂರಿಗೆ ಬಂದ ಜರ್ಮನಿಯ ಪೋರ್ಷೆ ಅದು, ಎಂಬತ್ತಾರರ ಮಾಡೆಲ್ಲು, ಹಿಂದೆ ತಿಮಿಂಗಿಲದ ಬಾಲದಂಥ ರೆಕ್ಕೆ. ಎಂಜಿನ್ ಹಿಂದೆ, ಚಕ್ರಗಳಿಗಿಂತಲೂ ಆಚೆ. ಎಡಗಡೆ ಕೂತು ಓಡಿಸುವವನಿಗೆ ಮುಂದೆ ಲಾರಿ ಇದ್ದರೆ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಬಲಗಡೆ ಕೂತವರು ಬಾಗಿ ನೋಡಿ, ಎದುರಿಗೆ ಏನೂ ಬರುತ್ತಿಲ್ಲ ಅಂದರೆ ‘ಹೂಂ’ ಅನ್ನಬೇಕು. ಆಮೇಲೆ ಅವನು ದಾಟಬೇಕು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಕಣ್ಣು ಅವನಿಗೆ ಬೇಕಾದದ್ದು ಇದೇ ಮೊದಲು. ಹಾಗೆ ಯೋಚಿಸಿ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಹುಳಿತೇಗು ಬಂತು. ಬೆಳಿಗ್ಗೆ ಕರಿದ ಮಿರ್ಚಿಯ ಎಣ್ಣೆ ಗಂಟಲಿಗೆ ಏರಿತು.

ಮಿರ್ಚಿ, ಮಂಡಕ್ಕಿಯ ಒಗ್ಗರಣೆ ಮಾಡಿದ್ದು ಮರಿಸ್ವಾಮಿಗೆ. ಲಿಂಗಸೂಗೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲು ಇಟ್ಟಿರುವ ಅವನು ಪಂಪಾಪತಿಯ ಗೆಳೆಯ. ಇಬ್ಬರೂ ಸೇರಿ ತೌಡಿನೆಣ್ಣೆಯ ಕಾರ್ಖಾನೆ ತೆಗೆಯುವ ಮಾತು ನಡೆದಿತ್ತು. ಅವನ ಹತ್ತಿರ ಜಪಾನಿನ ಕಾರು, ತೊಂಬತ್ತನಾಲ್ಕರ ಟೊಯೊಟಾ ಸುಪ್ರಾ. ಮೂರು ತಿಂಗಳಿಂದ ಇಬ್ಬರೂ ಫೋನಿನಲ್ಲಿ ಜಗಳಾಡುತ್ತಿದ್ದರು. ಯಾವುದು ಹೆಚ್ಚು? ಜರ್ಮನಿಯದೋ, ಜಪಾನಿನದೋ? ಕೊನೆಗೆ ಇವತ್ತು ಅಂತ ಗೊತ್ತುಮಾಡಿದರು. ಸಿಂಧನೂರಿನಿಂದ ಮಸ್ಕಿಯವರೆಗೆ ಅವರವರ ಗಾಡಿ ಅವರವರು. ಮಸ್ಕಿಯಲ್ಲಿ ಬದಲಿ ಮಾಡಿಕೊಂಡು ಲಿಂಗಸೂಗೂರಿನವರೆಗೆ ಅವನದು ಇವನು, ಇವನದು ಅವನು. ಹೆಂಡತಿಯರು ಸಾಕ್ಷಿಗೆ. ಬೆಳಿಗ್ಗೆ ಎಂಟಕ್ಕೇ ಮರಿಸ್ವಾಮಿ ಹೆಂಡತಿ ಭಾಗ್ಯಶ್ರೀಯನ್ನು ಕರೆದುಕೊಂಡು ಬಂದು ಕೂತಿದ್ದ. ತಾಟಿಗೆ ಎರಡನೇ ಸಲ ಮಿರ್ಚಿ ಹಾಕುವಾಗ ಅವನು ತಾಟು ನೋಡಲಿಲ್ಲ, ಉಮಾದೇವಿಯ ಮಣಿಕಟ್ಟು ನೋಡಿದ. ‘ಅಕ್ಕಾವ್ರ ಕೈಯಾಗಿನ ರುಚಿ ಎಲ್ಲೂ ಬರಂಗಿಲ್ಲ ಬಿಡ್ರಿ,’ ಎಂದ. ಪಂಪಾಪತಿ ನಕ್ಕ. ಭಾಗ್ಯಶ್ರೀಯೂ ನಕ್ಕಳು.

ಆ ಮಣಿಕಟ್ಟನ್ನು ಮರಿಸ್ವಾಮಿ ಹಿಡಿದದ್ದು ಬೇಸಿಗೆಯಲ್ಲಿ, ಅವನದೇ ಮನೆಯ ಗೃಹಪ್ರವೇಶದ ದಿನ. ಉಗ್ರಾಣದಿಂದ ಬೆಲ್ಲದ ಡಬ್ಬಿ ತರಲು ಹೋದವಳ ಹಿಂದೆ ಬಂದು ಬಾಗಿಲಿಗೆ ಅಡ್ಡ ನಿಂತಿದ್ದ. ಹೊರಗೆ ಊಟಕ್ಕೆ ಕೂತವರ ಗದ್ದಲ. ಒಳಗೆ ಬೆಲ್ಲದ ವಾಸನೆ, ಅವನ ಬಾಯಿಯ ಗುಟ್ಕಾದ ವಾಸನೆ. ಬೆವೆತ ಕೈ ಮಣಿಕಟ್ಟಿನಿಂದ ಮೇಲಕ್ಕೆ, ಮೊಣಕೈಯವರೆಗೆ, ಅವಸರವಿಲ್ಲದೆ ಏರಿತ್ತು, ತಕ್ಕಡಿಯವನು ಹತ್ತಿಯ ಅಂಡಿಗೆ ಮುಟ್ಟಿ ನೋಡುವಂತೆ. ಅವಳು ಕೂಗಲಿಲ್ಲ. ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಯಾರೋ ಕರೆದರೆಂದು ಅವನೇ ಸರಿದ. ಹೋಗುವಾಗ, ‘ಸುಮ್ನಿದ್ರಿ ಅಂದ್ರ ಒಪ್ಪಿಗಿ ಅಂತ ತಿಳ್ಕೋತೀನ್ರಿ,’ ಎಂದು ಹಲ್ಲು ಬಿಟ್ಟಿದ್ದ. ಎರಡು ದಿನ ಬಿಟ್ಟು ಗಂಡನಿಗೆ ಹೇಳಿದಳು. ಅವನು ಊಟಕ್ಕೆ ಕೂತಿದ್ದ. ಮೊಸರನ್ನ ಕಲಸುತ್ತಿದ್ದ ಬೆರಳು ಒಂದು ಕ್ಷಣ ನಿಂತು ಮತ್ತೆ ಕಲಸತೊಡಗಿತು. ‘ಅಂವ ಸಲಿಗಿ ಮನಷ್ಯಾ ಅದಾನ. ನೀನೂ ಸಣ್ಣದನ್ನ ದೊಡ್ಡದು ಮಾಡಬ್ಯಾಡ.’ ಬೆರಳ ಸಂದಿನಿಂದ ಮೊಸರನ್ನ ಬೆಳ್ಳಗೆ ಇಳಿಯುತ್ತಿತ್ತು. ಅಂದಿನಿಂದ ಅವನು ಉಣ್ಣುವಾಗ ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಾಳೆ.

ಊರು ದಾಟಿದ ಮೇಲೆ ಪಂಪಾಪತಿ ಗುರುವಾದ. ‘ಟರ್ಬೊ ಅಂದ್ರ ಏನ್ ಗೊತ್ತೇನು? ಎಂಜಿನ್ನಿಂದ ಹೊರಗ ಹೊಂಟ ಹೊಗಿ ಐತಲ್ಲ, ಅದನ್ನ ಸುಮ್ನ ಬಿಡಂಗಿಲ್ಲ. ಅದರ ಜೋರಿನಿಂದ ಒಂದು ಚಕ್ರ ತಿರುಗಿಸಿ, ಎಂಜಿನ್ನಿನ ಬಾಯಾಗ ಗಾಳಿ ತುರುಕತಾರ. ಉಸಿರು ಸಾಕು ಅಂದ್ರೂ ತುರುಕೂದ. ಆಗ ನೋಡು ಅದರ ತಾಕತ್ತು!’ ಅವನ ತುಟಿಯಂಚಿನಲ್ಲಿ ಉಗುಳು ಗುಳ್ಳೆಗಟ್ಟಿತ್ತು. ಎರಡೂ ಬದಿ ಕಾಲುವೆಯ ನೀರುಂಡ ಗದ್ದೆಗಳು. ಕೊಯ್ಲಾದ ಕಡೆ ಹುಲ್ಲು ಸುಟ್ಟ ಕಪ್ಪು. ಭತ್ತ ತುಂಬಿದ ಲಾರಿಯೊಂದು ಅಡ್ಡ ಬಂತು. ‘ನೋಡು,’ ಎಂದ. ಅವಳು ಬಾಗಿದಳು. ರಸ್ತೆ ಖಾಲಿ. ‘ಹೂಂ.’ ಅವನು ಬಲಕ್ಕೆ ಹೊರಳಿಸಿ ಕಾಲು ಒತ್ತಿದ. ಏನೂ ಆಗಲಿಲ್ಲ. ಕಾರು ಕಿವುಡನಂತೆ ಲಾರಿಯ ಮಗ್ಗುಲಲ್ಲೇ ತೆವಳಿತು. ಅವಳು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಬೆನ್ನಿಗೆ ಯಾರೋ ಒದ್ದರು. ಕುತ್ತಿಗೆ ಹಿಂದಕ್ಕೆ ಬಿತ್ತು, ಮಿರ್ಚಿಯೆಣ್ಣೆ ಬಾಯಿಗೇ ಬಂತು, ಲಾರಿ ಎಲ್ಲೋ ಹಿಂದೆ ಉಳಿದಿತ್ತು. ಪಂಪಾಪತಿ ಕೇಕೆ ಹಾಕಿದ. ಅವಳು ಬಾಯಿಗೆ ಬಂದದ್ದನ್ನು ನುಂಗಿದಳು. ಮಸ್ಕಿ ಮುಟ್ಟುವಷ್ಟರಲ್ಲಿ ಆರೇಳು ಲಾರಿ, ಎರಡು ಟ್ರ್ಯಾಕ್ಟರು. ಪ್ರತಿ ಸಲ ಹೂಂ, ಪ್ರತಿ ಸಲ ಆ ಒಂದು ಉಸಿರಿನ ಸುಳ್ಳು ನಿಶ್ಚಿಂತೆ, ಆಮೇಲೆ ಒದೆ. ಮರಿಸ್ವಾಮಿಯ ಬಿಳಿ ಕಾರು ಮಾತ್ರ ಸದ್ದು ಮಾಡದೆ, ನೀರಿನಲ್ಲಿ ಹಾವು ಸರಿದಂತೆ, ಅವರ ಹಿಂದೆಯೇ ಇತ್ತು.

ಮಸ್ಕಿಯ ಗುಡ್ಡದ ಕೆಳಗೆ ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಕ್ಷಣದಲ್ಲಿ ಮಂದಿ ಸೇರಿತು. ಫೋನು ಹಿಡಿದು ಕಾರಿಗೆ ಒರಗಿದರು, ಕಾರಿಗೆ ಮೈ ತಾಗಿದವರಿಗೆ ಪಂಪಾಪತಿ ನಾಯಿಗೆ ಅನ್ನುವಂತೆ ‘ಹಚಾ’ ಅಂದ. ಗೆಳೆಯರಿಬ್ಬರೂ ಬಾನೆಟ್ಟಿಗೆ ಕೈಯೂರಿ ಶುರು ಮಾಡಿದರು.

‘ನಿಂದು ಹಳೇ ಜಮಾನಾದ್ದು,’ ಎಂದ ಮರಿಸ್ವಾಮಿ. ‘ಕರದ್ರ, ತಡದು ‘ಏನ್ರೀ’ ಅಂತೈತಿ. ಒಂದ ಟರ್ಬೊ, ಅದೂ ನಿದ್ದಿಗಣ್ಣಿಂದು. ನನ್ನದಕ್ಕ ಎರಡು. ಸಣ್ಣದು ಮೊದಲ ಎದ್ದು ನಿಂತಿರತೈತಿ, ದೊಡ್ಡದು ಹಿಂದಿಂದ ಕೂಡಕೋತೈತಿ. ಕರಿಯೂದರಾಗ ಬಂತು.’

‘ಹೇಳಿದಂಗ ಕೇಳೂ ಗಾಡಿಗೆ ಏನ್ ಮಜಾ ಐತಿ?’ ಎಂದ ಪಂಪಾಪತಿ. ‘ನಂದು ಒದಿತೈತಿ. ತಿರುವಿನ್ಯಾಗ ಅಂಜಿ ಕಾಲು ತಗದಿ ಅಂದ್ರ ಹಿಂದಿನ ಭಾಗ ಮುಂದ ಬಂದು, ನಿನ್ನ ಎತ್ತಿ ಒಗೀತೈತಿ. ಅದನ್ನ ಪಳಗಿಸಿದವನ ಗಂಡಸು.’

‘ಪಳಗಿಸ್ಯೇನು?’

‘ಇಪ್ಪತ್ತೆರಡು ವರ್ಷ ಆತು,’ ಎಂದು ಪಂಪಾಪತಿ ಉಮಾದೇವಿಯ ಕಡೆ ಕಣ್ಣು ಹೊಡೆದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುತ್ತ ನಿಂತವರಲ್ಲಿ ಕೆಲವರು ತಿಳಿಯದೆಯೂ ನಕ್ಕರು. ಅವಳ ಕೈಯಲ್ಲಿದ್ದ ಚಹಾದ ಗ್ಲಾಸಿನ ಅಂಚಿನಲ್ಲಿ ಯಾರದೋ ತುಟಿಯ ಗುರುತು ಒಣಗಿತ್ತು. ಅದನ್ನೇ ನೋಡುತ್ತ ನಿಂತಳು.

ಚಹಾ ಮುಗಿದು ಕೀಲಿಕೈ ಬದಲಾದವು. ಪಂಪಾಪತಿ ಬಿಳಿ ಕಾರಿನ ಕಡೆ ನಡೆದ. ಅವಳು ಅವನ ಹಿಂದೆ ಹೋಗಿ ಆ ಕಾರಿನ ಬಾಗಿಲಿಗೆ ಕೈ ಹಾಕಿದಳು. ಒಳಗೆ ಭಾಗ್ಯಶ್ರೀ ಕೂತೇ ಇದ್ದಳು, ಏಲಕ್ಕಿ ಜಗಿಯುತ್ತ.

‘ನೀ ಇಲ್ಲಿ ಅಲ್ಲ,’ ಎಂದ ಪಂಪಾಪತಿ. ‘ಅಲ್ಲೇ ಕುಂದ್ರು. ಆ ಗಾಡಿಗೆ ಬಲಗಡಿ ಕಣ್ಣು ಬೇಕು. ನಿನಗ ಈಗ ರೂಢಿ ಆಗೈತಿ.’

‘ನಾ ಬರಂಗಿಲ್ಲ,’ ಎಂದಳು ಮೆಲ್ಲಗೆ. ‘ನಿಮಗ ಗೊತ್ತೈತಿ ಯಾಕಂತ.’

ಅವನು ಸುತ್ತಲಿನ ಮಂದಿಯನ್ನು ನೋಡಿದ. ತುಟಿ ಅಲುಗಿಸದೆ, ‘ನಾಲ್ಕ ಮಂದ್ಯಾಗ ಮರ್ಯಾದಿ ಕಳೀಬ್ಯಾಡ. ಅರ್ಧ ತಾಸಿನ ದಾರಿ. ನಾ ಹಿಂದ ಬರಾಕತ್ತೀನಲ್ಲ,’ ಎಂದ. ಅವನಿಗೆ ಎಲ್ಲ ನೆನಪಿದೆ ಎಂಬುದು ಆ ಮಾತಿನಲ್ಲಿತ್ತು. ಅವನು ಮರೆತಿದ್ದಾನೆ ಅಂತ ಇಷ್ಟು ದಿನ ಅವಳು ತಾನೇ ಅವನ ಪರವಾಗಿ ನೆಪ ಹೂಡಿಕೊಂಡಿದ್ದಳು. ಭಾಗ್ಯಶ್ರೀ ಕಿಟಕಿಯಿಂದ ತಲೆ ಹೊರಹಾಕಿ ಅವಳ ಕಿವಿಯ ಹತ್ತಿರ, ‘ಅಕ್ಕಾ, ಸುಮ್ನ ರಸ್ತಾ ನೋಡಕೋತ ಕುಂದ್ರಿ. ಲಿಂಗಸೂಗೂರು ಬಂದ ಬಿಡತೈತಿ. ನಾ ದಿನಾ ಹಂಗ ಕುಂದರತೀನಿ,’ ಎಂದಳು. ಅವಳ ಬಾಯಿಂದ ಏಲಕ್ಕಿಯ ಘಮ. ಆ ಘಮವೇ ಬೆಳಗಿನಿಂದ ಮೂಗಿಗೆ ಬಂದ ಎಲ್ಲ ವಾಸನೆಗಿಂತ ಹೆಚ್ಚು ಹೇಸಿಗೆ ಅನ್ನಿಸಿತು ಉಮಾದೇವಿಗೆ. ಹಾಗನ್ನಿಸಿದ್ದಕ್ಕೆ ತನ್ನ ಮೇಲೂ ಹೇಸಿಗೆಯಾಯಿತು. ಪಾಪ, ಅವಳೇನು ಮಾಡಿಯಾಳು. ಹಿಂದಿರುಗಿ ಬಲಗಡೆಯ ಸೀಟಿನಲ್ಲಿ ಕೂತಳು. ಯಾಕೆ ಕೂತೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಳು. ಮಂದಿ ನೋಡುತ್ತಿತ್ತು, ಬಾಗಿಲು ತೆರೆದಿತ್ತು, ಕೂತಳು. ಅಷ್ಟೇ ಉತ್ತರ ಸಿಕ್ಕಿತು.

ಮಸ್ಕಿ ದಾಟಿದರೆ ನೀರಾವರಿಯ ಹಸಿರು ಕಳಚುತ್ತದೆ. ಎರೆಹೊಲ, ತೊಗರಿ, ಒಡೆದ ಹತ್ತಿ, ನಡುನಡುವೆ ಬೋಳುಬಂಡೆ. ಕಾರಿನ ಗೇರುಕೋಲು ಇಬ್ಬರ ನಡುವೆ. ಎಡಗಡೆ ಕೂತ ಮರಿಸ್ವಾಮಿಯ ಬಲಗೈ, ಅವಳ ಎಡಮೊಣಕಾಲು. ಮೊದಲ ಸಲ ತಾಗಿದಾಗ, ‘ಸಾರಿ ರೀ ಅಕ್ಕಾವ್ರ, ಜಾಗಾ ಇಕ್ಕಟ್ಟೈತಿ,’ ಎಂದ. ಅವಳು ಕಾಲನ್ನು ಬಾಗಿಲಿಗೆ ಒತ್ತಿಕೊಂಡಳು. ನಾಲ್ಕೇ ಗೇರಿನ ಕಾರಿಗೆ ಅಷ್ಟು ಸಲ ಗೇರು ಬದಲಿಸುವುದು ಬೇಕಿರಲಿಲ್ಲ, ಗಂಡ ಬದಲಿಸಿರಲಿಲ್ಲ. ಎರಡನೇ ಸಲ ಸಾರಿ ಇರಲಿಲ್ಲ. ಮೂರನೇ ಸಲ ಕೈ ಕೋಲಿಗೆ ಹಿಂದಿರುಗಲಿಲ್ಲ. ಅವಳ ತೊಡೆಯ ಮೇಲೆಯೇ ಉಳಿಯಿತು, ಭಾರವಾಗಿ, ಬಿಸಿಯಾಗಿ, ಅಲ್ಲೇ ಇದ್ದದ್ದು ಎಂಬಂತೆ. ಅವನು ಮಾತಾಡುತ್ತಲೇ ಇದ್ದ. ‘ಒಪ್ಪಬೇಕ್ರಿ, ಗಾಡಿ ಜೋರೈತಿ. ನಂದು ನೆಟ್ಟಗ ನಡೀತೈತಿ, ಇದಕ್ಕ ಸೊಕ್ಕೈತಿ. ನನಗ ಸೊಕ್ಕಿಂದ ಸೇರತೈತಿ.’ ಅವಳು ಆ ಕೈಯನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಮಿರ್ಚಿಯ ಹಳದಿ ಹಿಟ್ಟು. ತಾನೇ ಕಲಸಿದ ಹಿಟ್ಟು. ಎತ್ತಿ ಒಗೆಯಲು ಕೈ ಏಳಲಿಲ್ಲ, ಮುಟ್ಟಬೇಕಲ್ಲ ಎಂಬ ಅಸಹ್ಯಕ್ಕೆ. ಬಾಯಿ ತೆರೆದರೆ ವಾಂತಿಯೇ ಬರುತ್ತದೆ ಅನ್ನಿಸಿತು. ಕನ್ನಡಿಯಲ್ಲಿ ಹಿಂದೆ ದೂರ ಬಿಳಿ ಕಾರು. ಗಂಡ ಹೇಳಿದಂತೆ ಹಿಂದೆಯೇ ಬರುತ್ತಿದ್ದ.

ಮುಂದೆ ಹೋಗುತ್ತಿದ್ದ ಹತ್ತಿಯ ಲಾರಿಯೊಂದು ಸಿಕ್ಕಿತು. ಹಗ್ಗ ಬಿಗಿದ ಅಂಡಿಗೆಗಳು ಎರಡೂ ಕಡೆ ಹೊಟ್ಟೆ ಬಿಟ್ಟು ಜೋತು ರಸ್ತೆಯನ್ನೆಲ್ಲ ತುಂಬಿಕೊಂಡಿದ್ದವು. ಮರಿಸ್ವಾಮಿ ಅದರ ಬಾಲಕ್ಕೆ ಹತ್ತಿದ. ‘ಹೋಗ್ಲೇನ್ರಿ?’ ಎಂದು ಕೇಳಿದ. ಅವಳು ರೂಢಿಯಂತೆ ಬಲಕ್ಕೆ ಬಾಗಿದಳು. ದೂರದಲ್ಲಿ ಕೆಂಪು ಕಂಡಿತು. ಬಸ್ಸು. ಅದು ಬಸ್ಸೆಂದು ಗೊತ್ತಾಯಿತು, ಬರುತ್ತಿದೆ ಎಂದು ಗೊತ್ತಾಯಿತು, ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತದೆ ಎಂಬುದೂ ಮೈಗೆ ಗೊತ್ತಾಯಿತು. ಈ ಕಾರಿನ ಆ ಒಂದು ಉಸಿರು ಅವಳಿಗೆ ಬೆಳಗಿನಿಂದ ಅಭ್ಯಾಸವಾಗಿತ್ತು. ‘ಬ್ಯಾಡ’ ಅನ್ನಬೇಕು. ಒಂದು ಸಣ್ಣ ಮಾತು. ತೊಡೆಯ ಮೇಲಿನ ಬೆರಳು ಒಂದಿಷ್ಟು ಮೇಲೆ ಸರಿದು ಹಿಸುಕಿತು. ‘ಅಕ್ಕಾವ್ರ, ಹೋಗ್ಲೋ?’

ಅವಳು ಸುಮ್ಮನಿದ್ದಳು.

ಅವನು ನಕ್ಕ. ‘ಸುಮ್ನಿದ್ರಿ ಅಂದ್ರ ಆತು,’ ಎಂದು ಬಲಕ್ಕೆ ಹೊರಳಿಸಿ ಕಾಲು ಒತ್ತಿದ. ಏನೂ ಆಗಲಿಲ್ಲ. ಕಾರು ಲಾರಿಯ ಮಗ್ಗುಲಲ್ಲಿ ತೆವಳಿತು. ಆ ಒಂದು ಉಸಿರಿನ ಹೊತ್ತಿನಲ್ಲಿ ಅವನ ಕಣ್ಣಿಗೂ ಬಸ್ಸು ಬಿತ್ತು. ತೊಡೆಯಿಂದ ಕೈ ಕಿತ್ತುಹೋಯಿತು. ಆ ಕ್ಷಣದಲ್ಲಿ ಅವಳಿಗೆ ಸಂತೋಷವಾಯಿತು. ಸ್ಪಷ್ಟವಾಗಿ, ತಂಪಾಗಿ, ಬಿಸಿಲಿನಲ್ಲಿ ಮೈಮೇಲೆ ನೀರು ಸುರಿದಂತೆ ಸಂತೋಷ. ಅವನು ‘ಯವ್ವಾ’ ಎಂದು ಹೆಂಗಸಿನ ದನಿಯಲ್ಲಿ ಕಿರುಚಿ ಕಾಲು ತೆಗೆದು ಬ್ರೇಕು ಒತ್ತಿ ಎಡಕ್ಕೆ ಎಳೆದ. ಹಿಂದಿನ ಭಾರವೆಲ್ಲ ಮುಂದೆ ಬಂತು. ಆಕಾಶ, ಹತ್ತಿ, ಬಸ್ಸಿನ ಹಣೆ, ಮತ್ತೆ ಹತ್ತಿ. ಹಾರ್ನಿನ ಸದ್ದು ಉದ್ದಕ್ಕೆ ಸೀಳಿಕೊಂಡು ಹೋಯಿತು. ಕಾರು ಲಾರಿಯ ಹಿಂದಕ್ಕೆ ತಿರುಗಿ ಬಿದ್ದು, ಬಾಲ ಮುಂದಾಗಿ ರಸ್ತೆ ಇಳಿದು, ತೊಗರಿಯ ಸಾಲುಗಳನ್ನು ಮುರಿಯುತ್ತ ಹೋಗಿ ಒಂದು ಬದುವಿಗೆ ಹೆಟ್ಟಿ ನಿಂತಿತು.

ಸದ್ದಡಗಿದ ಮೇಲೆ ನೋಡಿಕೊಂಡಳು. ಅವಳಿಗೆ ಏನೂ ಆಗಿರಲಿಲ್ಲ. ಮರಿಸ್ವಾಮಿಗೂ ಆಗಿರಲಿಲ್ಲ, ಸ್ಟಿಯರಿಂಗ್ ತಬ್ಬಿಕೊಂಡು ಕೂತಿದ್ದ. ಪ್ಯಾಂಟಿನ ಮುಂದೆ ತೇವ ಹರಡಿತ್ತು. ರಸ್ತೆಯಾಚೆ ಬಸ್ಸು ಒಂದು ಬದಿಯ ಚಕ್ರಗಳನ್ನು ತಗ್ಗಿಗೆ ಇಳಿಸಿ ವಾಲಿ ನಿಂತಿತ್ತು. ಅದರೊಳಗಿಂದ ಅಳು, ಬೈಗುಳ. ಒಬ್ಬೊಬ್ಬರಾಗಿ ಇಳಿಯುತ್ತಿದ್ದರು.

ಪಂಪಾಪತಿ ಬಿಳಿ ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿಬಂದ. ತೊಗರಿಯೊಳಗೆ ನಿಂತಿದ್ದ ಅವಳನ್ನು ದಾಟಿ ಹೋದ. ಕಾರಿನ ಹಿಂದೆ ಮಂಡಿಯೂರಿ, ಎರಡಾಗಿ ಸೀಳಿದ ರೆಕ್ಕೆಯ ಮೇಲೆ ಅಂಗೈ ಇಟ್ಟ. ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ತಲೆಯೆತ್ತಿ ಕೇಳಿದ:

‘ಹೆಂಗಾತಲೇ?’

‘ಈಕಿ ಏನೂ ಹೇಳಲಿಲ್ಲೋ ಮಾರಾಯಾ,’ ಎಂದ ಮರಿಸ್ವಾಮಿ. ಅಂಗಿ ಹೊರಗೆಳೆದು ತೇವ ಮುಚ್ಚಿಕೊಂಡಿದ್ದ. ‘ಎರಡ ಸಲ ಕೇಳಿದ್ನಿ. ಬಾಯಿ ಮುಚ್ಚಕೊಂಡು ಕುಂತಿದ್ಲು.’

‘ಯಾಕ ಹೇಳಲಿಲ್ಲ?’

ಅಷ್ಟರಲ್ಲಿ ಬಸ್ಸಿನ ಮಂದಿ ಸುತ್ತ ನೆರೆದಿತ್ತು, ಅವರ ಹಿಂದೆ ಭಾಗ್ಯಶ್ರೀ. ಉಮಾದೇವಿ ಎಲ್ಲರಿಗೂ ಕೇಳುವಂತೆ, ತನಗೇ ಪರಕೀಯವಾದ ದನಿಯಲ್ಲಿ ಹೇಳಿದಳು: ‘ಅವರ ಕೈ ನನ್ನ ತೊಡಿ ಮ್ಯಾಲಿತ್ತು. ಗೃಹಪ್ರವೇಶದ ದಿನಾನೂ ಹಿಂಗ ಮಾಡಿದ್ರು, ನಿಮಗ ಹೇಳಿದ್ನಿ. ನೀವು ಉಣ್ಣಕೋತ ಕುಂತ್ರಿ.’

ಭಾಗ್ಯಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಂಪಾಪತಿಯ ಮುಖ ಕೆಂಪಾಗಿ ಕಪ್ಪಾಯಿತು. ಎದ್ದು ಗೆಳೆಯನ ಕುತ್ತಿಗೆಗೆ ಕೈ ಹಾಕಿಯಾನು ಎಂದು ಎಲ್ಲರೂ ಕಾದರು, ಅವಳೂ ಕಾದಳು. ಅವನು ಮೊಣಕಾಲಿನ ಮಣ್ಣು ಝಾಡಿಸಿಕೊಂಡ. ‘ಈಗ ಆ ಮಾತಲ್ಲ,’ ಎಂದ. ಮರಿಸ್ವಾಮಿಗೆ ಅಷ್ಟು ಸಾಕಾಯಿತು. ದನಿಗೆ ಜೀವ ಬಂತು. ‘ಒತ್ತಿದ್ನಿ ನೋಡು, ಸತ್ತವರಂಗ ಕುಂತ ಬಿಟ್ಟಿತು. ನನ್ನ ಗಾಡಿ ಆಗಿದ್ರ ಒತ್ತಿದ್ದ ತಡ, ಬಸ್ ಬರೂದರಾಗ ದಾಟಿ ಬಿಡತಿದ್ನಿ.’ ಪಂಪಾಪತಿ ಸೀಳಿದ ರೆಕ್ಕೆಯನ್ನು ನೋಡುತ್ತ, ‘ಖರೇನ. ದಾಟತಿತ್ತು,’ ಎಂದ. ಮೂರು ತಿಂಗಳ ಜಗಳ ಅಲ್ಲಿಗೆ ತೀರ್ಮಾನವಾಯಿತು.

ಅವಳು ಅಲ್ಲಿಂದ ನಡೆದಳು. ಹಿಂದಿನಿಂದ ಗಂಡ ಒಂದು ಸಲ ಹೆಸರು ಹಿಡಿದು ಕೂಗಿದ. ಎರಡನೇ ಸಲ ಕೂಗಲಿಲ್ಲ. ಹತ್ತಿಯ ಲಾರಿಯವನು ಹಗ್ಗ ಕಟ್ಟಿ ಬಸ್ಸನ್ನು ರಸ್ತೆಗೆ ಎಳೆಯುವವರೆಗೆ ಕಲ್ಲೊಂದರ ಮೇಲೆ ಕೂತಿದ್ದಳು. ಬಸ್ಸಿನ ಡ್ರೈವರು ಸಣ್ಣ ವಯಸ್ಸಿನವನು; ಟೈರಿಗೆ ಒರಗಿ, ನೀರಿನ ಬಾಟಲಿ ಬಾಯಿಗೆ ಹಿಡಿಯಲಾರದೆ ಎದೆಯ ಮೇಲೆ ಚೆಲ್ಲಿಕೊಳ್ಳುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ. ಬಸ್ಸು ಹೊರಟಾಗ ಹತ್ತಿದಳು. ಸಿಂಧನೂರಿನ ಕಡೆಯದು ಎಂಬುದು ಆಮೇಲೆ ಗೊತ್ತಾಯಿತು.

ಕಿಟಕಿಯ ಪಕ್ಕ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು ಜಾಗ ಮಾಡಿಕೊಟ್ಟಳು. ಮುಂದಿನ ಸೀಟಿನ ಕಂಬಿ ಬಡಿದು ಅವಳ ತುಟಿ ಒಡೆದಿತ್ತು, ಒಂದು ಹಲ್ಲು ಮುರಿದಿತ್ತು. ಅಂಗೈಯಲ್ಲಿ ಆ ಹಲ್ಲನ್ನು ಹಿಡಿದುಕೊಂಡಿದ್ದಳು. ಉಮಾದೇವಿ ತನ್ನ ಕರವಸ್ತ್ರ ಕೊಟ್ಟಳು. ಅದನ್ನು ತುಟಿಗೆ ಒತ್ತಿಕೊಂಡು ಆಕೆ ತನ್ನ ಹೆಸರು ಜುಬೇದಾಬೀ ಎಂದಳು. ಲಿಂಗಸೂಗೂರಿನ ಮಗಳ ಮನೆಯಿಂದ ಬರುತ್ತಿದ್ದಳು, ಬಾಣಂತನ ಮುಗಿಸಿ. ರಕ್ತ ತುಂಬಿದ ಬಾಯಲ್ಲೇ, ‘ನೀ ಆ ಕಾರಿನ್ಯಾಗ ಇದ್ದಾಕಿ ಅಲ್ಲೇನು ಬೇಟಿ? ನೀ ಅಂದಿದ್ದು ನಾ ಕೇಳಿದ್ನಿ. ಥೂ, ಹಾಳಾದ ಮಂದಿ. ನಿಂದೇನು ತಪ್ಪೈತಿ? ಅಳಬ್ಯಾಡ,’ ಎಂದಳು.

ಉಮಾದೇವಿ ಅಳುತ್ತಿರಲಿಲ್ಲ. ಸುತ್ತ ನೋಡಿದಳು. ಹಿಂದಿನ ಸೀಟಿನಲ್ಲಿ ಸಿಂಧನೂರಿನ ನಿರಾಶ್ರಿತರ ಕ್ಯಾಂಪಿನ ಬಂಗಾಳಿ ಗಂಡಹೆಂಡತಿ, ಇಬ್ಬರ ನಡುವೆ ಒಡೆದ ಮಡಿಕೆ, ಅದರಿಂದ ಇಳಿದ ಬೆಲ್ಲದ ಪಾಕ. ಹಣೆ ಬಾತ ಕಾಲೇಜು ಹುಡುಗಿ. ಯಾರದೋ ಬುಟ್ಟಿಯಲ್ಲಿ ಬದುಕುಳಿದ ಕೋಳಿ. ಕಾರಿನಿಂದ ಬಾಗಿ ನೋಡಿದಾಗ ಇವರು ಇರಲಿಲ್ಲ. ಬರೀ ಕೆಂಪು ಇತ್ತು. ತಾನು ಬರೀ ಕೆಂಪು ನೋಡಿದೆ ಎಂದು ಹೇಳಿಕೊಳ್ಳಬಹುದು, ಜುಬೇದಾಬೀ ನಂಬುತ್ತಾಳೆ, ಎಲ್ಲರೂ ನಂಬುತ್ತಾರೆ. ಬೆಳಗಿನಿಂದ ಮೈಮೇಲೆ ಹರಿದಾಡಿದ ಹೇಸಿಗೆ ಯಾರ ಕೈಯಿಂದಲೂ ಬಂದದ್ದಲ್ಲವೇನೋ ಎಂಬಂತೆ, ಈಗ ಒಳಗಿಂದಲೇ, ಹೊಟ್ಟೆಯ ತಳದಿಂದ ಏಳತೊಡಗಿತು.

‘ಬಸ್ ಬರೂದು ನಾ ನೋಡಿದ್ನಿ,’ ಎಂದಳು. ‘ಚೆಂದಾಗಿ ಕಾಣತಿತ್ತು. ನೋಡಿ ಸುಮ್ನಿದ್ನಿ.’

ಜುಬೇದಾಬೀ ಅವಳ ಮುಖ ನೋಡಿದಳು. ತಮಾಷೆಯೇನೋ, ತಲೆ ಕೆಟ್ಟಿದೆಯೇನೋ ಎಂದು ಹುಡುಕುವಂತೆ ನೋಡಿದಳು. ಆಮೇಲೆ ತುಟಿಯಿಂದ ಕರವಸ್ತ್ರ ತೆಗೆದು, ಮಡಚಿ, ಅವಳ ಮಡಿಲಿನಲ್ಲಿ ಇಟ್ಟಳು. ತುಟಿಯಿಂದ ರಕ್ತ ಮತ್ತೆ ಗದ್ದಕ್ಕೆ ಇಳಿಯಿತು. ಸೀರೆಯ ಸೆರಗಿನಿಂದ ಒರೆಸಿಕೊಂಡಳು. ‘ಮಗಳ ಕೂಸಿಗೆ ಹೆಸರು ಇಟ್ಟು ಬಂದೀನಿ ನಾ,’ ಎಂದಷ್ಟೇ ಹೇಳಿ ಕಿಟಕಿಗೆ ತಿರುಗಿದಳು.

ಉಮಾದೇವಿ ಎದ್ದು ನಿಂತಳು. ಮೇಲಿನ ಕಂಬಿ ಹಿಡಿದುಕೊಂಡಳು. ಕಂಡಕ್ಟರು ಬಂದು, ‘ಸೀಟು ಖಾಲಿ ಅದಾವಲ್ರಿ ಅಮ್ಮಾ, ಕುಂದ್ರಿ,’ ಎಂದ. ಅವಳು ತಲೆಯಾಡಿಸಿದಳು. ಬಸ್ಸು ಮಸ್ಕಿಯಲ್ಲಿ ನಿಂತಿತು, ಮಂದಿ ಇಳಿಯಿತು, ಹತ್ತಿತು, ಕೂತಿತು. ಅವಳು ನಿಂತೇ ಇದ್ದಳು.